ಹಚ್ಚದ ಕರ್ಪೂರ

ಸೀಸೆಯೊಳಗಿನ ಗುಳುಗುಳು ನಿಂತುಹೋಯಿತು. ಅದರ ಹಿಂದೆಯೇ ಮಿಷನ್ನು ಕೀ ಎಂದು ಕೂಗತೊಡಗಿತು. ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ ಮುತ್ತುರಾಜ್ ಚೊಂಬನ್ನು ಅಲ್ಲೇ ಬಿಟ್ಟು ಒಳಗೆ ಓಡಿದ. ಕರೆಂಟು ಹೋಗಿದೆ ಎಂದು ಓಡುವಾಗಲೇ ಅವನಿಗೆ ಗೊತ್ತಾಗಿತ್ತು.

ನಡುಮನೆಯ ಮಂಚದ ಮೇಲೆ ಅವನ ಅಪ್ಪ ಬೈಲಪ್ಪ ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಕೂತಿದ್ದ. ಮೂಗಿಗೆ ಸಿಕ್ಕಿಸಿದ ಸಣ್ಣ ಕೊಳವೆ ಹಾಗೆಯೇ ಇತ್ತು, ಅದರಲ್ಲಿ ಗಾಳಿ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಜಲ್ಲಿ ಕ್ರಷರಿನಲ್ಲಿ ಕಲ್ಲಿನ ಧೂಳು ಕುಡಿದ ಎದೆ ಅದು. ಇನ್ನು ಆಕ್ಸಿಜನ್ ಮಿಷನ್ ಇಲ್ಲದೆ ಆಗುವುದಿಲ್ಲ ಎಂದು ಡಾಕ್ಟರು ಹೋದ ವರ್ಷವೇ ಹೇಳಿ ಕಳಿಸಿದ್ದರು. ಅಂದಿನಿಂದ ಮಿಷನ್ನು ಕರೆಂಟಿನ ಮೇಲೆ ಬದುಕಿತ್ತು, ಬೈಲಪ್ಪ ಮಿಷನ್ನಿನ ಮೇಲೆ ಬದುಕಿದ್ದ.

ಮುತ್ತುರಾಜ್ ಕೊಳವೆಯನ್ನು ಕಿತ್ತು ಮೂಲೆಯಲ್ಲಿದ್ದ ಸಣ್ಣ ಸಿಲಿಂಡರಿಗೆ ಸಿಕ್ಕಿಸಿ ತಿರುಪು ಬಿಚ್ಚಿದ. ಗಾಳಿ ಹಾದುಬರುವ ನೀರಿನ ಸೀಸೆಯಲ್ಲಿ ಮತ್ತೆ ಗುಳ್ಳೆ ಎದ್ದವು. ಆಮೇಲೆ ಸಿಲಿಂಡರಿನ ಮುಳ್ಳು ನೋಡಿದ. ಅದು ಕೆಂಪು ಗೆರೆಯ ಅಂಚಿನಲ್ಲಿತ್ತು. ಹೆಚ್ಚೆಂದರೆ ಮುಕ್ಕಾಲು ಗಂಟೆ. ದೊಡ್ಡ ಸಿಲಿಂಡರನ್ನು ತುಂಬಿಸಿಕೊಂಡು ಬರಲು ಅವನ ಹೆಂಡತಿ ಅನುಷಾ ಬೆಳಿಗ್ಗೆಯೇ ಊರಲ್ಲಿದ್ದ ಒಂದೇ ಲಗೇಜ್ ಆಟೋ ಹತ್ತಿ ಪಾವಗಡಕ್ಕೆ ಹೋಗಿದ್ದಳು.

ಅವನು ಮೂರು ಫೋನು ಮಾಡಿದ. ಮೊದಲನೆಯದು ಲೈನ್‌ಮನ್ ಅನಿಲ್ ಕುಮಾರನಿಗೆ.

"ಅಣ್ಣಾ, ಗಾಳಿಗೆ ಎಲ್ಡು ಕಂಬ ಮಕ್ಕೊಂಡವೆ. ಸಾಯಂಕಾಲದ್ ತಂಕ ಆಗಕ್ಕಿಲ್ಲ."

"ಅಪ್ಪನ ಮಿಷನ್ನು ಕಣೋ."

"ಗೊತ್ತು ಕಣಣ್ಣ. ಕಂಬ ನೆಡ್ಬೇಕಲ್ಲ, ನಾನೇನ್ ಮಾಡ್ಲಿ?"

ಎರಡನೆಯದು ಆಂಬುಲೆನ್ಸಿಗೆ. ಅದು ಹೆರಿಗೆ ಕೇಸು ಹತ್ತಿಸಿಕೊಂಡು ದೂರ ಹೋಗಿತ್ತು, ತಿರುಗಿ ಬರಲು ಒಂದೂವರೆ ಗಂಟೆ. ಮೂರನೆಯದು ಅನುಷಾಗೆ. "ಗ್ಯಾಸ್ ತುಂಬೋನು ಊಟಕ್ಕೋಗವ್ನೆ ಕಣ್ರೀ, ಅಂಗಡಿ ಬಾಗ್ಲಲ್ಲೇ ಕುಂತಿದೀನಿ. ಬರೋಕೆ ಇನ್ನೂ ಎಲ್ಡ್ ಗಂಟೆ ಬೇಕು" ಎಂದಳು. ಆಮೇಲೆ, "ಮುಳ್ಳು ಎಲ್ಲೈತೆ?" ಎಂದು ಕೇಳಿದಳು. ಮುತ್ತುರಾಜ್ ಹೇಳಿದ. ಆಚೆ ಕಡೆ ಅವಳು ಅಂಗಡಿಯ ಬಾಗಿಲು ಬಡಿಯುವ ಸದ್ದು ಕೇಳಿಸಿತು.

ಬಾಗಿಲಲ್ಲಿ ನಿಂತರೆ ಊರಾಚೆ ಕಣ್ಣು ಹಾಯುವಷ್ಟು ದೂರವೂ ಸೋಲಾರ್ ಹಲಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಈ ರಾಯಚರ್ಲು ಊರಿನವರು ಹೊಲಗಳನ್ನು ಗುತ್ತಿಗೆಗೆ ಕೊಟ್ಟು, ಅದೇ ಹೊಲಗಳಲ್ಲಿ ಗಾಜು ತೊಳೆಯುವ ಕೂಲಿಗೆ ಹೋಗುತ್ತಾರೆ. ಮುತ್ತುರಾಜನೂ ಈಗಷ್ಟೇ ಅಲ್ಲಿಂದಲೇ ಬಂದಿದ್ದ. ಅಲ್ಲಿ ಹುಟ್ಟಿದ ಕರೆಂಟು ದಪ್ಪ ತಂತಿಗಳಲ್ಲಿ ಊರಿನ ನೆತ್ತಿಯ ಮೇಲೆ ಹಾದು ಎಲ್ಲಿಗೋ ಹೋಗುತ್ತದೆ. ಊರಿಗೆ ಬರುವುದು ಮಾತ್ರ ಹಳೆಯ ಕಂಬದ ಹಳೆಯ ತಂತಿಯಲ್ಲೇ. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ ಕಟ್ಟಿದವರು ಈ ಊರನ್ನು ನೋಡಿಯೇ ಕಟ್ಟಿರಬೇಕು.

"ಮಗಾ," ಎಂದಳು ಅವನ ತಾಯಿ ಮಹಾಲಕ್ಷ್ಮಮ್ಮ, ಗಂಡನ ಪಾದ ಉಜ್ಜುತ್ತಾ. "ರಂಗಣ್ಣನ ಜನರೇಟ್ರು ಐತಲ್ಲ."

ಈ ಮಾತು ಬರುತ್ತದೆಂದು ಮುತ್ತುರಾಜನಿಗೆ ಮೊದಲೇ ಗೊತ್ತಿತ್ತು. ಮೂರೂ ಫೋನುಗಳನ್ನು ಅವನು ಮಾಡಿದ್ದು ಈ ಮಾತು ಬಾರದಿರಲಿ ಎಂದೇ.

"ಅದು ಸೋರ್ತದಮ್ಮ."

"ಸೋರಿದ್ರೆ ಕಟ್ಟು. ನಿನ್ನಷ್ಟು ಇಂಜಿನ್ ಬಿಚ್ಚಿರೋನು ಈ ಸೀಮೇಲಿ ಯಾರವ್ರೆ?"

ಅದು ಸುಳ್ಳಲ್ಲ. ಹನ್ನೊಂದು ವರ್ಷ ಅವನು ಪಾವಗಡದಲ್ಲಿ ರಂಗಣ್ಣನ, ಅಂದರೆ ಚಿಕ್ಕರಂಗಯ್ಯನ, ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದ. ಮೂರು ವರ್ಷದ ಕೆಳಗೆ ಆಯುಧಪೂಜೆಯ ದಿನ ಆ ಗ್ಯಾರೇಜಿಗೆ ಬೆಂಕಿ ಬಿತ್ತು. ಚಿಕ್ಕರಂಗಯ್ಯನ ಪಂಚೆಗೆ ಹತ್ತಿಕೊಂಡ ಬೆಂಕಿಯನ್ನು ಗೋಣಿಚೀಲದಲ್ಲಿ ಬಡಿದು ಆರಿಸಿದವನು ಮುತ್ತುರಾಜನೇ. ಅವನ ಎಡಗೈ ಮೊಣಕೈವರೆಗೂ ಬೆಂದಿತ್ತು. ಚಿಕ್ಕರಂಗಯ್ಯ ಒಂಬತ್ತು ದಿನ ನರಳಿ ತೀರಿಕೊಂಡ. ರಂಗಣ್ಣನ ಮನೆಯ ಬೆಕ್ಕು ಹಾರಿ ದೀಪ ಉರುಳಿಸಿತು, ಅಲ್ಲಿದ್ದ ಪೆಟ್ರೋಲಿಗೆ ಹತ್ತಿಕೊಂಡಿತು ಎಂದು ಮುತ್ತುರಾಜ್ ಹೇಳಿದ. ಊರಿಗೆ ಗೊತ್ತಿರುವುದು ಇಷ್ಟು. ತಿಥಿ ಮುಗಿದ ಮೇಲೆ ಚಿಕ್ಕರಂಗಯ್ಯನ ಹೆಂಡತಿ, ಒಂದು ಪಕ್ಕದ ಬಣ್ಣ ಸುಟ್ಟಿದ್ದ ಈ ಜನರೇಟರನ್ನು ಇವನಿಗೇ ಕಳಿಸಿದಳು. ತನ್ನ ಕಣ್ಣೆದುರು ಅದು ಇರುವುದು ಬೇಡ, ಗಂಡನನ್ನು ಉಳಿಸಲು ಕೈ ಸುಟ್ಟುಕೊಂಡವನ ಮನೆಯಲ್ಲಿರಲಿ ಎಂದಿದ್ದಳು.

ಮುತ್ತುರಾಜ್ ಅದನ್ನು ಕೊಟ್ಟಿಗೆಯಲ್ಲಿಟ್ಟು ಚೀಲ ಹೊದಿಸಿದವನು ಮತ್ತೆ ಮುಟ್ಟಿರಲಿಲ್ಲ. ಇಂಜಿನ್ ಕೆಲಸವನ್ನೇ ಬಿಟ್ಟ. ಪೆಟ್ರೋಲು ಬಿಟ್ಟು ನೀರು ಹಿಡಿದ ಎಂದು ಊರವರು ತಮಾಷೆ ಮಾಡಿದರು. ಗಾಜು ತೊಳೆಯುವ ಕೆಲಸಕ್ಕೆ ಅವನು ಸೇರಿದ್ದು ನೀರಿಗೆ ಬೆಂಕಿ ಹತ್ತುವುದಿಲ್ಲ ಎಂಬ ಒಂದೇ ಕಾರಣಕ್ಕೆ, ತಮಾಷೆ ಮಾಡುವವರಿಗೆ ಅದು ಗೊತ್ತಿರಲಿಲ್ಲ.

"ಏಮೀ ಕಾದು ಲೇರಾ," ಎಂದ ಬೈಲಪ್ಪ ಮಂಚದಿಂದ.

ಏನೂ ಆಗುವುದಿಲ್ಲ ಬಿಡು ಎಂದು ಅಪ್ಪ ಧೈರ್ಯ ಹೇಳುತ್ತಿದ್ದ. ಆದರೆ ತೆಲುಗಿನಲ್ಲಿ ಹೇಳುತ್ತಿದ್ದ. ಮನೆಯಲ್ಲಿ ಕನ್ನಡವೇ ಆಡುವ ಬೈಲಪ್ಪನ ಬಾಯಿಗೆ ಅವನ ತಾಯಿಯ ತೆಲುಗು ಬರುತ್ತಿದ್ದುದು ಜೀವಕ್ಕೆ ಹೆದರಿದಾಗ ಮಾತ್ರ. ಮುತ್ತುರಾಜ್ ಕೊಟ್ಟಿಗೆಯ ಕಡೆ ನಡೆದ.

ಜನರೇಟರನ್ನು ಎಳೆದು ತಂದು ಮನೆಯ ಮುಂದಿನ ಬಯಲಲ್ಲಿ ಹೊಂಗೆ ಮರದ ಕೆಳಗೆ ಇಟ್ಟ. ಬಾಗಿಲಿನಿಂದ ಮರಕ್ಕೆ ಮೂವತ್ತೆರಡು ಹೆಜ್ಜೆ, ಎಣಿಸಿದ. ಒಲೆ ಇರುವುದು ಮನೆಯ ಹಿಂದೆ. ಮಿಷನ್ನು ಬಂದ ದಿನದಿಂದ ಮನೆಯೊಳಗೆ ಯಾರೂ ಕಡ್ಡಿ ಗೀರಬಾರದು ಎಂದು ಅನುಷಾ ಕಟ್ಟುನಿಟ್ಟು ಮಾಡಿದ್ದಳು. ಆಕ್ಸಿಜನ್ ಇರುವಲ್ಲಿ ಒಂದು ಕಿಡಿ ಸಾಕು ಎಂದು ನರ್ಸಮ್ಮ ಹೆದರಿಸಿ ಕಳಿಸಿದ್ದರು. ಒಲೆ ಹಿತ್ತಲ ಸೂರಿನಡಿಗೆ ಹೋಯಿತು. ಬೈಲಪ್ಪನ ಬೀಡಿ ನಿಂತಿತು. ದೇವರ ಗೂಡಿನ ದೀಪವೂ ನಿಂತಿತು. ಬೀಡಿ ನಿಂತದ್ದಕ್ಕೆ ಬೈಲಪ್ಪ ಒಂದು ವಾರ ಗೊಣಗಿ ಸುಮ್ಮನಾದ, ದೀಪ ನಿಂತದ್ದಕ್ಕೆ ಮಹಾಲಕ್ಷ್ಮಮ್ಮ ಒಂದು ವರ್ಷದಿಂದ ಗೊಣಗುತ್ತಲೇ ಇದ್ದಳು.

ಅವನು ಬೈಕಿನಿಂದ ಎರಡು ಬಾಟಲಿ ಪೆಟ್ರೋಲು ಬಸಿದು ಟ್ಯಾಂಕಿಗೆ ಹುಯ್ದ. ವಾಸನೆ ಮೂಗಿಗೆ ಹೊಡೆಯಿತು. ಎಡಗೈಯ ಸುಟ್ಟ ತೊಗಲು, ಇಷ್ಟು ದಿನ ಸತ್ತಂತಿದ್ದದ್ದು, ಚುರುಗುಟ್ಟತೊಡಗಿತು. ಟ್ಯಾಂಕಿನ ಕೆಳಗೆ ಪೆಟ್ರೋಲು ಬಿಡುವ ಕಾಕ್ ತಿರುಗಿಸಿ ಬಗ್ಗಿ ನೋಡಿದ. ಹತ್ತು ಎಣಿಸುವಷ್ಟರಲ್ಲಿ ಕಾರ್ಬೊರೇಟರಿನ ತಳದಲ್ಲಿ ಒಂದು ಹನಿ ಕೂಡಿಕೊಂಡು ಕೆಳಗೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಎಣಿಸುವಂತಿರಲಿಲ್ಲ, ದಾರದ ಹಾಗೆ ಇಳಿಯಿತು. ಅವನು ಕಾಕ್ ಮುಚ್ಚಿದ. ಮುಚ್ಚಿದ್ದೇನೆಯೇ ಎಂದು ನೋಡಿದ. ಮತ್ತೆ ಒತ್ತಿ ನೋಡಿದ. ಆಮೇಲೆ ಮಣ್ಣಿನಲ್ಲಿ ಕೂತೇಬಿಟ್ಟ.

"ಏನ್ ಕುಂತ್ಕಂಡೆ?" ಎಂದು ತಾಯಿ ಬಾಗಿಲಿನಿಂದ ಕೂಗಿದಳು.

"ಸ್ಪಾನರ್ ಡಬ್ಬ ಕೊಡಮ್ಮ."

ಡಬ್ಬ ತೆರೆದ ಮೇಲೆ ಕೈ ತಾನಾಗಿಯೇ ಕೆಲಸ ನೆನೆಸಿಕೊಂಡಿತು. ಕೈಗೆ ಭಯ ಸ್ವಲ್ಪ ಕಡಿಮೆ. ಎರಡು ನಟ್ಟು ಬಿಚ್ಚಿ ಕಾರ್ಬೊರೇಟರ್ ಇಳಿಸಿದ, ಕೆಳಗಿನ ಪುಟ್ಟ ಬಟ್ಟಲು ತೆಗೆದ. ಆ ಬಟ್ಟಲಿನಲ್ಲಿ ಹಿತ್ತಾಳೆಯ ಟೊಳ್ಳು ಬುರುಡೆಯೊಂದು ಪೆಟ್ರೋಲಿನ ಮೇಲೆ ತೇಲುತ್ತಿರುತ್ತದೆ. ಬಟ್ಟಲು ತುಂಬಿದಂತೆ ಬುರುಡೆ ಮೇಲೆದ್ದು, ಒಂದು ಸೂಜಿಯನ್ನು ತಳ್ಳಿ, ಪೆಟ್ರೋಲು ಬರುವ ದಾರಿ ಮುಚ್ಚುತ್ತದೆ. ಅಷ್ಟೇ ಅದರ ಕೆಲಸ. ಸೂಜಿ ಸವೆದಿದೆಯೇ ಎಂದು ಉಗುರಿನಿಂದ ಸವರಿ ನೋಡಿದ, ಸವೆದಿರಲಿಲ್ಲ. ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಗುಳುಕ್ ಎಂದಿತು.

ಬುರುಡೆ ತೂತಾಗಿತ್ತು. ಒಳಗೆ ಪೆಟ್ರೋಲು ಸೇರಿಕೊಂಡು ಭಾರವಾಗಿ ಮುಳುಗಿ ಕೂತಿತ್ತು. ಮುಳುಗಿದ್ದು ಸೂಜಿಯನ್ನು ತಳ್ಳುವುದಿಲ್ಲ, ದಾರಿ ಮುಚ್ಚುವುದಿಲ್ಲ. ಮೂರು ವರ್ಷದ ಹಿಂದೆಯೂ ಇದೇ ಸೋರುತ್ತಿದ್ದದ್ದು ಎಂದು ಅವನಿಗೆ ಹೊಳೆಯಿತು. ಹೊಳೆದದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಇಂಥ ತೂತಿಗೆ ಬೆಸುಗೆ ಹಾಕಬೇಕು. ಬೆಸುಗೆಗೆ ಕರೆಂಟು ಬೇಕು, ಇಲ್ಲವೆ ಬೆಂಕಿ ಬೇಕು. ಪೆಟ್ರೋಲು ತುಂಬಿದ ಬುರುಡೆಗೆ ಬೆಂಕಿ ತೋರಿಸುವುದು ಅವನಿಂದ ಆಗುವ ಮಾತಲ್ಲ.

"ಅಮ್ಮಾ, ಒಲೆ ಮ್ಯಾಲಿರೋ ಬಿಸ್ನೀರು ಚೊಂಬಲ್ಲಿ ತಗೊಂಬಾ. ಅಡುಗೆ ಸೋಡಾ ತಗೊಂಬಾ. ಟಿವಿ ತಾವ ಫೆವಿಕ್ವಿಕ್ ಐತೆ, ಅದೂ ತಾ. ಕಡ್ಡಿಪೆಟ್ಟಿಗೆ ಮುಟ್ಬೇಡ, ಗೊತ್ತಾಯ್ತಾ?"

"ಬಿಸ್ನೀರ್‌ಗೂ ಕಡ್ಡಿಪೆಟ್ಟಿಗೆಗೂ ಏನ್ಲಾ ಸಂಬಂಧ?" ಎನ್ನುತ್ತಲೇ ಅವಳು ಓಡಿದಳು.

ಬಿಸಿನೀರಿನಲ್ಲಿ ಬುರುಡೆಯನ್ನು ಒತ್ತಿ ಹಿಡಿದಾಗ ಒಂದೇ ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಸಾಸಿವೆಯ ಕಾಲುಭಾಗವೂ ಇಲ್ಲದ ತೂತು. ಒಳಗಿನ ಪೆಟ್ರೋಲು ಆವಿಯಾಗಿ ಪೂರ್ತಿ ಹೊರಬರುವವರೆಗೆ ಕಾಯಬೇಕಿತ್ತು. ಕಾಯುವುದೇ ಕಷ್ಟವಾಯಿತು. ಮೂವತ್ತೆರಡು ಹೆಜ್ಜೆ ಆಚೆ ಅಪ್ಪನ ಉಸಿರು ಕೇಳಿಸುತ್ತಿತ್ತು. ಅದರಲ್ಲಿ ಸೀಳಿದ ಕೊಳಲಿನಂಥ ಸಣ್ಣ ಸಿಳ್ಳೆ ಸೇರಿಕೊಂಡಿತ್ತು.

"ಮುಳ್ಳು ಎಲ್ಲೈತಮ್ಮ?"

"ಕೆಂಪೊಳಕ್ಕೆ ಅರ್ಧ ಹೋಗೈತೆ."

ಗುಳ್ಳೆ ನಿಂತವು. ಬುರುಡೆಯನ್ನು ಒರೆಸಿ, ಬಿಸಿಲಲ್ಲಿ ಆರಿಸಿ, ಅಲ್ಲಾಡಿಸಿದ. ಸದ್ದಿಲ್ಲ. ತೂತಿನ ಮೇಲೆ ಚಿಟಿಕೆ ಸೋಡಾ ಇಟ್ಟು ಒಂದು ತೊಟ್ಟು ಅಂಟು ಬಿಟ್ಟ. ಸೋಡಾ ಸಣ್ಣಗೆ ಹೊಗೆಯಾಡಿ ಕಲ್ಲಿನಂತೆ ಗಟ್ಟಿಯಾಯಿತು. ಆ ಸಣ್ಣ ಹೊಗೆ ಕಂಡೇ ಅವನು ಅರ್ಧ ಎದ್ದು ನಿಂತುಬಿಟ್ಟಿದ್ದ. ಅದು ಬೆಂಕಿಯ ಹೊಗೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಕೂತ. ಈ ಉಪಾಯ ಕಲಿಸಿದವನೂ ಚಿಕ್ಕರಂಗಯ್ಯನೇ. "ಹಲ್ಲು ಹೋದ್ರೆ ಹಿಟ್ಟು ಕಲಸ್ಕಂಡು ತಿನ್ಬೇಕು ಕಣ್ಲಾ, ಉಪಾಸ ಕುಂತ್ಕಬಾರ್ದು" ಎನ್ನುತ್ತಿದ್ದ.

ಎಲ್ಲ ಜೋಡಿಸಿ ಕಾಕ್ ತೆರೆದ. ಕಾರ್ಬೊರೇಟರಿನ ತಳಕ್ಕೆ ಬೆರಳಿಟ್ಟು ಎಣಿಸತೊಡಗಿದ. ಹತ್ತು. ಇಪ್ಪತ್ತು. ಬೆರಳು ಒಣಗಿಯೇ ಇತ್ತು. ನಲವತ್ತು. ಹನಿ ಬೀಳಲಿಲ್ಲ. ಮೊದಲು ಚೆಲ್ಲಿದ್ದ ಪೆಟ್ರೋಲು ಮಾತ್ರ ಇಂಜಿನ್ನಿನ ಕೆಳಗೆ ಮಣ್ಣಿನಲ್ಲಿ ಕಪ್ಪು ಕಲೆಯಾಗಿ ಹರಡಿತ್ತು. ಇಂಜಿನ್ನನ್ನು ನಾಲ್ಕು ಮಾರು ಆಚೆಗೆ ಎಳೆದುಬಿಡೋಣ ಎಂದುಕೊಂಡು ಅವನು ತಲೆಯೆತ್ತಿದ.

ತಾಯಿ ಬರುತ್ತಿದ್ದಳು. ಮನೆಯ ಪಕ್ಕದಿಂದ, ಹಿತ್ತಲ ಒಲೆಯ ಕಡೆಯಿಂದ ಬರುತ್ತಿದ್ದಳು. ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಒಂದು ನಿಂಬೆಹಣ್ಣು, ವೀಳ್ಯದೆಲೆ, ಎಲೆಯ ಮೇಲೆ ಒಂದು ಬಿಳಿಯ ಬಿಲ್ಲೆ. ಅದರ ಪಕ್ಕದಲ್ಲಿ ಇನ್ನೊಂದು ಬಿಲ್ಲೆ ಉರಿಯುತ್ತಿತ್ತು. ಬಿಸಿಲಲ್ಲಿ ಉರಿ ಸರಿಯಾಗಿ ಕಾಣುತ್ತಿರಲಿಲ್ಲ, ಅದರ ಮೇಲಿನ ಗಾಳಿ ಅಲುಗುವುದಷ್ಟೇ ಕಾಣುತ್ತಿತ್ತು.

ಬಿಚ್ಚಿದ ಇಂಜಿನ್ನಿಗೆ ಕರ್ಪೂರ ಬೆಳಗದೆ ಹಗ್ಗ ಎಳೆಯಬಾರದು. ಅದು ಚಿಕ್ಕರಂಗಯ್ಯನ ಗ್ಯಾರೇಜಿನ ಕಟ್ಟಳೆ. ಅದನ್ನು ಮನೆಗೆ ತಂದು ತಾಯಿಗೆ ಹೆಮ್ಮೆಯಿಂದ ಹೇಳಿದವನು ಮುತ್ತುರಾಜನೇ.

ಅವನು ಕೂಗಬೇಕೆಂದುಕೊಂಡ. ಅವಳು ಹದಿನೈದು ಹೆಜ್ಜೆ ದೂರದಲ್ಲಿದ್ದಳು, ಹನ್ನೆರಡು ಹೆಜ್ಜೆ, ಸೆರಗು ಗಾಳಿಗೆ ತಟ್ಟೆಯ ಕಡೆಗೇ ಹಾರುತ್ತಿತ್ತು. ಒದ್ದೆ ಮಣ್ಣು ಅವಳಿಗೂ ಅವನಿಗೂ ನಡುವೆ ಇತ್ತು.

"ನಿಂತ್ಕೋ!"

ಆ ದನಿ ತನ್ನದೆಂದು ಅವನಿಗೇ ಅನ್ನಿಸಲಿಲ್ಲ. ಮಹಾಲಕ್ಷ್ಮಮ್ಮ ನಿಂತಳು. ಮಗನ ಮುಖ ನೋಡಿದಳು. ಏಕೆ, ಏನು ಎಂದು ಕೇಳಲಿಲ್ಲ. ಬಲಗೈಯನ್ನು ಉರಿಯುತ್ತಿದ್ದ ಬಿಲ್ಲೆಯ ಮೇಲೆ ಒತ್ತಿ ಮುಚ್ಚಿಬಿಟ್ಟಳು. ಮುಖ ಒಮ್ಮೆ ಹಿಂಡಿಕೊಂಡಿತು. ಕೈ ತೆಗೆದಾಗ ಉರಿ ಆರಿತ್ತು.

ಮುತ್ತುರಾಜ್ ಓಡಿಹೋಗಿ ತಟ್ಟೆ ಕಿತ್ತುಕೊಂಡು ಮರದ ಬುಡದಲ್ಲಿದ್ದ ಕೊಡದ ತಣ್ಣೀರನ್ನು ಅವಳ ಕೈಗೆ ಹುಯ್ದ. ಅಂಗೈಯಲ್ಲಿ ರೂಪಾಯಿಯಗಲ ಕೆಂಪಾಗಿತ್ತು. ಅವನು ಆ ಕೈಯನ್ನು ಬಿಡಲಿಲ್ಲ.

"ಬೆಕ್ಕಲ್ಲಮ್ಮ," ಎಂದ.

"ಏನು?"

"ಅವತ್ತು ದೀಪ ಉಳ್ಳಿಸಿದ್ದು ಬೆಕ್ಕಲ್ಲ. ಬೆಕ್ಕು ಅಲ್ಲಿರ್ಲೇ ಇಲ್ಲ. ನಾನು ಕರ್ಪೂರ ಹಚ್ದೆ, ಇದೇ ಇಂಜಿನ್‌ಗೆ. ಸೋರ್ತದೆ, ಕಾಕ್ ಮುಚ್ಚಿದ್ದೀಯೇನ್ಲಾ ಅಂತ ರಂಗಣ್ಣ ಕೇಳ್ತು. ಮುಚ್ಚಿದೀನಿ ಅಂದೆ. ನೋಡ್ಲಿಲ್ಲಮ್ಮ. ನೋಡ್ದೇನೇ ಅಂದ್ಬುಟ್ಟೆ."

ಅವನು ಅಳುತ್ತಿದ್ದ. ಮೂವತ್ತೆಂಟು ವರ್ಷದ ಗಂಡಸು, ಪೆಟ್ರೋಲಿನ ಕೈಯಲ್ಲಿ ಕಣ್ಣೊರೆಸಿಕೊಂಡು ಕಣ್ಣುರಿಯಿಂದ ಇನ್ನಷ್ಟು ಅತ್ತ.

ಮಹಾಲಕ್ಷ್ಮಮ್ಮ ಸೆರಗಿನ ತುದಿಯಿಂದ ಅವನ ಕಣ್ಣು ಒರೆಸಿದಳು.

"ಆ ಬೆಕ್ಕನ್ನ ರಂಗಣ್ಣನ ಹೆಂಡ್ತಿ ಆಯಮ್ಮ ಗೋಣಿಚೀಲದಾಗೆ ಕಟ್ಟಿ ಬಾರ್ಡರ್ ಆಚೆ ಬುಟ್ಬಂದ್ಲಂತೆ ಕಣ್ಲಾ," ಎಂದಳು. "ಏಳು ವರ್ಷ ಸಾಕಿದ್ಲಂತೆ."

"ಗೊತ್ತು."

ಒಳಗಿನಿಂದ ಬೈಲಪ್ಪನ ದನಿ ಬಂತು. ಮಾತಲ್ಲ, ಮಾತಿಗೆ ಮೊದಲು ಬರುವ ಗಾಳಿ. ಆಮೇಲೆ ಅದೂ ಇಲ್ಲ. ಸೀಸೆಯ ಗುಳುಗುಳು ಕೇಳಿಸುತ್ತಿರಲಿಲ್ಲ.

ಮುತ್ತುರಾಜ್ ಇಂಜಿನ್ನನ್ನು ಒಣ ಮಣ್ಣಿಗೆ ಎಳೆದ. ಮಿಷನ್ನಿನಿಂದ ಎಳೆದು ತಂದ ಉದ್ದನೆಯ ವೈರು ಸಿಕ್ಕಿಸಿದ. "ಅಮ್ಮ, ನೀನು ಒಳೀಕ್ಕೋಗು."

"ಹೋಗಕ್ಕಿಲ್ಲ."

"ಕಿಡಿ ಹಾರಿದ್ರೆ..."

"ಹಾರ್ಲಿ. ಇಬ್ರೂ ಇದೀವಲ್ಲ, ಎಳಿ."

ಅವನು ಬಗ್ಗಿ ಕಾರ್ಬೊರೇಟರಿನ ತಳ ಮತ್ತೊಮ್ಮೆ ಮುಟ್ಟಿ ನೋಡಿದ. ಒಣಗಿತ್ತು. ಈ ಸಲ ಕಣ್ಣಾರೆ ನೋಡಿದ. ಕಣ್ಣು ಮುಚ್ಚಿ ಹಗ್ಗ ಎಳೆದ. ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಎಳೆಯುವಾಗ ಕಣ್ಣು ಬಿಟ್ಟುಕೊಂಡೇ ಎಳೆದ. ಹೊಗೆ ನಳಿಕೆಯಿಂದ ಮೂರು ವರ್ಷದ ಧೂಳು ಬುಸ್ಸೆಂದು ಹಾರಿತು. ಇಂಜಿನ್ನು ತೊದಲಿ, ತಡವರಿಸಿ, ಹಿಡಿದುಕೊಂಡಿತು.

ತಾಯಿ ಆಗಲೇ ಒಳಗೆ ಓಡಿದ್ದಳು. ಮುತ್ತುರಾಜ್ ಅಲ್ಲಿಂದ ಕದಲಲಾರದೆ ಕಾರ್ಬೊರೇಟರಿನ ತಳವನ್ನೇ ನೋಡುತ್ತಾ ನಿಂತ. ಇಂಜಿನ್ನಿನ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಮಿಷನ್ನು ಚಾಲೂ ಆಯಿತೋ ಇಲ್ಲವೋ, ಕೊಳವೆ ಸಿಕ್ಕಿಸಿದಳೋ ಇಲ್ಲವೋ, ಅಪ್ಪ ಇದ್ದಾನೋ ಇಲ್ಲವೋ ತಿಳಿಯುವಂತಿರಲಿಲ್ಲ. ಅಷ್ಟು ಹೆದರಿಕೆ ಅವನಿಗೆ ಬೆಂಕಿಯ ಎದುರೂ ಆಗಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ತಾಯಿ ಬಾಗಿಲಿಗೆ ಬಂದಳು. ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಇನ್ನೊಂದು ಕೈ ಬಾಯಿಗೆ ಹಿಡಿದು ಇಂಜಿನ್ನಿನ ಸದ್ದನ್ನು ಮೀರಿ ಕೂಗಿದಳು.

"ಬೈತಾವ್ನೆ ಕಣ್ಲಾ! ಸದ್ದು ಜಾಸ್ತಿ ಆಯ್ತು ಅಂತಾ!"

"ಯಾವ ಭಾಷೇಲಿ?"

"ಆ?"

"ಯಾವ ಭಾಷೇಲಮ್ಮ ಬೈತಾವ್ನೆ?"

"ಕನ್ನಡದಾಗೇ!"

ಅವನು ಮರಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟ.

ಅನುಷಾ ಮೂರು ಗಂಟೆಗೆ ತುಂಬಿದ ಸಿಲಿಂಡರಿನೊಂದಿಗೆ ಬಂದಳು. ಅತ್ತೆಯ ಕೈ ನೋಡಿದಳು, ಗಂಡನ ಕಣ್ಣು ನೋಡಿದಳು, ಮುಲಾಮು ಹುಡುಕಲು ಒಳಗೆ ಹೋದಳು. ಮಹಾಲಕ್ಷ್ಮಮ್ಮ ತಟ್ಟೆ ತೆಗೆದುಕೊಂಡು ಮತ್ತೆ ಹೊಂಗೆ ಮರದ ಹತ್ತಿರ ಬಂದಳು. ಈ ಸಲ ತಟ್ಟೆಯಲ್ಲಿ ಬೆಂಕಿ ಇರಲಿಲ್ಲ. ಉಳಿದಿದ್ದ ಒಂದು ಬಿಲ್ಲೆ ಕರ್ಪೂರವನ್ನು ಹಾಗೆಯೇ, ಹಚ್ಚದೆಯೇ, ಓಡುತ್ತಿದ್ದ ಇಂಜಿನ್ನಿಗೆ ಮೂರು ಸುತ್ತು ಬೆಳಗಿದಳು. ವೀಳ್ಯದೆಲೆಯ ಸಮೇತ ಅದನ್ನು ಅಲ್ಲಿದ್ದ ಚಪ್ಪಡಿ ಕಲ್ಲಿನ ಮೇಲಿಟ್ಟು ಕೈಮುಗಿದಳು.

"ನಾಳಿಕ್ಕೆ ಪಾವಗಡಕ್ಕೋಗಾನ," ಎಂದಳು ಮಗನ ಕಡೆ ನೋಡದೆ. "ಆಯಮ್ಮನ ತಾವ. ನಾನೂ ಬತ್ತೀನಿ."

ಮುತ್ತುರಾಜ್ ಸ್ಪಾನರುಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕಿದ. ಎದೆಯೊಳಗೆ ಮತ್ತೆ ಅದೇ ಭಯ ಎದ್ದಿತ್ತು. ಆದರೂ ಹೂಂ ಎಂದ.

ಆರೂವರೆಗೆ ಕರೆಂಟು ಬಂತು. ಅವನು ಇಂಜಿನ್ನು ನಿಲ್ಲಿಸಿ, ಕಾಕ್ ಮುಚ್ಚಿ, ಮುಚ್ಚಿದೆಯೇ ಎಂದು ಎರಡು ಸಲ ನೋಡಿದ. ಸದ್ದು ನಿಂತ ಮೇಲೆ ಮನೆಯೊಳಗಿನ ಗುಳುಗುಳು ಮರದವರೆಗೂ ಸಣ್ಣಗೆ ಕೇಳಿಸಿತು. ಚೀಲ ಹೊದಿಸಲು ಬಗ್ಗಿದಾಗ ಕಲ್ಲಿನ ಮೇಲಿನ ವೀಳ್ಯದೆಲೆ ಕಣ್ಣಿಗೆ ಬಿತ್ತು. ಬಿಸಿಲಿಗೂ ಇಂಜಿನ್ನಿನ ಕಾವಿಗೂ ಎಲೆ ಬಾಡಿ ಅಂಚು ಸುರುಟಿಕೊಂಡಿತ್ತು. ಅದರ ಮೇಲೆ ಕರ್ಪೂರ ಇರಲಿಲ್ಲ. ಅವನು ಎಲೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ವಾಸನೆ ಇನ್ನೂ ಇತ್ತು.